ಅನ್ನ ಹಾಕುವ ಕೈಗಳಿಗೆ

ಮಕ್ಕಳೇ, ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಜನರೇಟರ್ ಪಕ್ಕದಲ್ಲಿ ನೀವು ಬೆಕ್ಕುಗಳಿಗೆ ಊಟ ಇಡಲು ಶುರುಮಾಡಿದ್ದೀರಿ. ಕೆಲಸದಿಂದ ದಣಿದು ಬಂದರೂ ಲಿಫ್ಟು ಹತ್ತುವ ಮೊದಲು ತಟ್ಟೆ ತೊಳೆದು, ನೀರು ಬದಲಿಸಿ ಹೋಗುತ್ತೀರಿ. ಇಂಥ ಮನಸ್ಸು ಈ ಬೆಂಗಳೂರಿನಲ್ಲಿ ಇನ್ನೂ ಉಳಿದಿದೆಯಲ್ಲ ಎಂದು ನನಗೆ ತುಂಬ ಸಂತೋಷ. ನಾನು ಪಶುವೈದ್ಯನಾಗಿದ್ದು ನಿವೃತ್ತನಾದವನು. ಸರ್ಕಾರಿ ಆಸ್ಪತ್ರೆಯಲ್ಲಿ ಬದುಕಿನ ಬಹುಪಾಲು ಹಸು, ಎಮ್ಮೆಗಳ ಜೊತೆಗೇ ಕಳೆಯಿತು. ಆದರೂ ಬೆಕ್ಕಿನ ಮೇಲೆ ಮೊದಲಿನಿಂದಲೂ ಬೇರೆಯೇ ಅಕ್ಕರೆ. ಆ ಸಲುಗೆಯಿಂದ ಒಂದು ಮಾತು ಹೇಳುತ್ತೇನೆ. ಅನ್ನ ಹಾಕಿದವರೇ ಮರಿಯಾಗದಂತೆ ಆಪರೇಷನ್ನನ್ನೂ ಮಾಡಿಸಬೇಕು. ಅನ್ನ ಮಾತ್ರ ಹಾಕಿ ನಿಂತುಬಿಟ್ಟರೆ, ನೀವು ಪ್ರೀತಿಸುವ ಜೀವಗಳ ಸಂಕಟವನ್ನು ನೀವೇ ಬೆಳೆಸಿದ ಹಾಗಾಗುತ್ತದೆ.

ಕಟುವಾಗಿ ಕೇಳಿಸಿದರೆ ಬೇಸರಪಡಬೇಡಿ, ಲೆಕ್ಕ ನೋಡಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ನಿಮ್ಮ ಕಣ್ಣಿಗೆ ಅದಿನ್ನೂ ಮರಿಯೇ. ಗಬ್ಬ ನಿಂತ 63ರಿಂದ 65 ದಿನಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕು. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಲ್ಲದು. ಬೆಕ್ಕಿನ ದೇಹದ ಇನ್ನೊಂದು ಗುಣವೆಂದರೆ, ಗಂಡಿನೊಡನೆ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಹಾಗಾಗಿ ಗಬ್ಬ ತಪ್ಪುವುದು ಕಡಿಮೆ. ಹಗಲು ಕುಗ್ಗಿದಾಗ ಚಳಿದೇಶದ ಬೆಕ್ಕುಗಳಿಗೆ ಕೆಲವು ತಿಂಗಳು ವಿರಾಮ ಸಿಗುತ್ತದೆ. ನಮ್ಮ ಸೀಮೆಯಲ್ಲಿ ಹಗಲು ಅಷ್ಟು ಕುಗ್ಗುವುದೇ ಇಲ್ಲ, ವರ್ಷದ ಬಹುಪಾಲು ಬೆದೆಯ ಕಾಲವೇ. ಹೊಟ್ಟೆ ತುಂಬಿದ ಬೆಕ್ಕು ಬೇಗ ಬೆದೆಗೆ ಬರುತ್ತದೆ, ಹೆಚ್ಚು ಮರಿ ಹಾಕುತ್ತದೆ. ನಿಮ್ಮ ತಟ್ಟೆಯ ಅನ್ನ ಆ ಮರಿಗಳ ಲೆಕ್ಕಕ್ಕೇ ಹೋಗಿ ಸೇರುತ್ತದೆ.

ತಡೆಯದಿದ್ದರೆ ಈ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ನೋಡಿ. ದಕ್ಷಿಣ ಆಫ್ರಿಕಾಕ್ಕೆ ಸೇರಿದ, ಅಂಟಾರ್ಕ್ಟಿಕಾ ದಿಕ್ಕಿನ ಕಡಲಲ್ಲಿರುವ ಮ್ಯಾರಿಯನ್ ದ್ವೀಪಕ್ಕೆ 1949ರಲ್ಲಿ ಐದು ಬೆಕ್ಕುಗಳನ್ನು ಒಯ್ದರು. ಹವಾಮಾನ ಕೇಂದ್ರದಲ್ಲಿ ಇಲಿಗಳ ಕಾಟ, ಅದಕ್ಕೆ. 1977ರ ಹೊತ್ತಿಗೆ ಅಲ್ಲಿ ಸುಮಾರು 3,400 ಬೆಕ್ಕುಗಳಿದ್ದವು. ವರ್ಷಕ್ಕೆ ನಾಲ್ಕೂವರೆ ಲಕ್ಷದಷ್ಟು ಕಡಲಹಕ್ಕಿಗಳನ್ನು ಅವು ತಿನ್ನುತ್ತಿದ್ದವೆಂದು ಅಂದಾಜು. ಕೊನೆಗೆ ರೋಗ ಹರಡಿಸಿ, ಗುಂಡಿಟ್ಟು, ವಿಷವಿಟ್ಟು, 1991ರ ಹೊತ್ತಿಗೆ ಒಂದೂ ಉಳಿಯದಂತೆ ಮಾಡಿದರು. ಆ ಬೆಕ್ಕುಗಳೂ ಪಾಪದವು, ಆ ಹಕ್ಕಿಗಳೂ ಪಾಪದವು. ಮೊದಲ ಐದು ಬೆಕ್ಕುಗಳಿಗೆ ಯಾರಾದರೂ ಆಪರೇಷನ್ ಮಾಡಿಸಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ನಮ್ಮ ಬೇಸ್‌ಮೆಂಟಿನಲ್ಲಿ ಹಾಗೇನೂ ಸಾವಿರಗಟ್ಟಲೆ ಆಗಿಲ್ಲವಲ್ಲ ಎಂದು ನೀವು ಕೇಳಬಹುದು. ಏಕೆ ಆಗಿಲ್ಲ ಎಂಬುದನ್ನು ಯೋಚಿಸಿ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಹೊರಗೇ ಬದುಕುವ ಬೆಕ್ಕುಗಳ ಗುಂಪುಗಳನ್ನು ಸಂಶೋಧಕರು ಹಿಂಬಾಲಿಸಿ ಲೆಕ್ಕವಿಟ್ಟರು. ಹುಟ್ಟಿದ 169 ಮರಿಗಳಲ್ಲಿ 127 ಆರು ತಿಂಗಳು ತುಂಬುವ ಮೊದಲೇ ಸತ್ತವು ಅಥವಾ ಕಾಣೆಯಾದವು. ನೂರಕ್ಕೆ 75. ನಮ್ಮ ಬೀದಿಗಳಲ್ಲಿ ಪಾಲು ಇದೇ ಇರಬೇಕೆಂದಿಲ್ಲ. ಆದರೆ ಮಳೆಗಾಲದಲ್ಲಿ ಚರಂಡಿಯ ಬದಿಯಲ್ಲಿ, ಬೆಳಗ್ಗೆ ಸ್ಟಾರ್ಟ್ ಮಾಡಿದ ಕಾರಿನ ಬಾನೆಟ್ಟಿನೊಳಗೆ, ನಾಯಿಗಳ ಬಾಯಲ್ಲಿ, ಕಣ್ಣಿಗೆ ಕೀವು ಕಟ್ಟಿ ಮೂಲೆಯಲ್ಲಿ ಮುದುಡಿ ಸಾಯುವ ಮರಿಗಳನ್ನು ನೋಡಿದವರಿಗೆ ಆ ಅಂಕಿ ಅಚ್ಚರಿಯಲ್ಲ. ಬದುಕಿ ಉಳಿದ ಒಂದೆರಡು ನಿಮ್ಮ ಫೋಟೋದಲ್ಲಿ ಬರುತ್ತವೆ. ಉಳಿದವನ್ನು ಬೆಳಗ್ಗೆ ಕಸ ಗುಡಿಸುವ ಅಮ್ಮ ಎತ್ತುತ್ತಾಳೆ. ಆಪರೇಷನ್ ಮಾಡಿಸುವುದು ನಿಸರ್ಗಕ್ಕೆ ವಿರುದ್ಧ ಅಲ್ಲವೇ ಅಂಕಲ್ ಎಂದು ಮೊನ್ನೆ ನಿಮ್ಮಲ್ಲೊಬ್ಬಳು ಕೇಳಿದಳು. ನಾಲ್ಕರಲ್ಲಿ ಮೂರು ಮರಿ ಸಾಯಲೆಂದೇ ಹುಟ್ಟುವುದನ್ನು ತಡೆಯುವುದಕ್ಕಿಂತ ದೊಡ್ಡ ದಯೆ ನನಗೆ ತಿಳಿದಿಲ್ಲ ಮಗಳೇ.

ನಮ್ಮ ಹಿರಿಯರು ಮಾಡುತ್ತಿದ್ದ ದಾರಿ ಬೇರೆ. ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಹೊಳೆಯಾಚೆಗೋ ಮೀನು ಮಾರ್ಕೆಟ್ಟಿಗೋ ಬಿಟ್ಟು ಬರುತ್ತಿದ್ದರು. ಈಗ ಗೋಣಿಯ ಬದಲು ರಟ್ಟಿನ ಪೆಟ್ಟಿಗೆ, ಹೊಳೆಯ ಬದಲು ರಿಂಗ್ ರೋಡು. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕಿಗೆ ನೀರೆಲ್ಲಿ, ಅಡಗಲು ಸಂದಿಯೆಲ್ಲಿ ಎಂಬುದು ತಿಳಿದಿರುವುದಿಲ್ಲ. ಅಲ್ಲಿನ ಬೆಕ್ಕುಗಳು ಹೊಡೆದು ಓಡಿಸುತ್ತವೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ವಿಷವಿಟ್ಟು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲಾಗಬಹುದು. ಅಸೋಸಿಯೇಷನ್ ಮೀಟಿಂಗಿನಲ್ಲಿ ಯಾರಾದರೂ "ವ್ಯಾನ್ ಕರೆಸಿ ಎಲ್ಲಾದರೂ ಬಿಡಿಸಿ" ಎಂದಾಗ ಈ ಎರಡನ್ನೂ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿ. ಜೊತೆಗೆ ಇನ್ನೊಂದನ್ನು ಹೇಳಿ: ಇರುವ ಬೆಕ್ಕುಗಳನ್ನು ಸಾಗಿಸಿದರೂ ಕಸದ ಡಬ್ಬಿ, ಇಲಿ, ಬೆಚ್ಚಗಿನ ಮೂಲೆ ಇಲ್ಲೇ ಇರುತ್ತವೆ. ಪಕ್ಕದ ಬೀದಿಯ ಬೆಕ್ಕುಗಳು ಆ ಜಾಗ ಹಿಡಿಯುತ್ತವೆ, ಅವಕ್ಕೂ ಮರಿಯಾಗುತ್ತದೆ. ಆಪರೇಷನ್ ಆದ ಹಳೆಯ ಬೆಕ್ಕು ತನ್ನ ಜಾಗದಲ್ಲೇ ಇದ್ದರೆ ಹೊಸಬರನ್ನು ಅಷ್ಟು ಸುಲಭವಾಗಿ ಒಳಗೆ ಬಿಡುವುದಿಲ್ಲ.

ಹಿಡಿದು, ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದಲ್ಲೇ ಬಿಡುವ ಪದ್ಧತಿ 1970ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಬೇರು ಬಿಟ್ಟಿತು. ಇಟಲಿಯವರು 1991ರಲ್ಲಿ ಅದನ್ನೇ ದೇಶದ ಕಾನೂನು ಮಾಡಿದರು. ನಮ್ಮಲ್ಲಿ ನಾಯಿಗಳಿಗೆ 2001ರಲ್ಲಿ ನಿಯಮ ಬಂತು, 2023ರಲ್ಲಿ ಅದನ್ನು ಹೊಸದಾಗಿ ಬರೆದರು. ಬೆಕ್ಕಿನ ಪಾಲಿಗೆ ಆ ಮಟ್ಟದ ಏರ್ಪಾಡು ನಮ್ಮ ಊರುಗಳಲ್ಲಿ ಕಾಣದು. ಹಾಗಾಗಿ ಕೆಲಸ ನಿಮ್ಮ ಮೇಲೆ ಬೀಳುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ಎಷ್ಟು ಬೆಕ್ಕು, ಯಾವ ಬಣ್ಣ, ಗಂಡೋ ಹೆಣ್ಣೋ, ಎಲ್ಲಿ ಮಲಗುತ್ತದೆ, ಎಲ್ಲ ಬರೆಯಿರಿ. ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣ ಇದ್ದರೆ ಅದು ಹೆಣ್ಣೇ. ಗಂಡಿರುವುದು ಬಹಳ ಅಪರೂಪ. ಪೂರ್ತಿ ಕಿತ್ತಳೆಯಾಗಿದ್ದರೆ ಹೆಚ್ಚಾಗಿ ಗಂಡು. ಊರುಗೋಲಿನಂತೆ ಈ ನೋಟ್‌ಬುಕ್ ನಿಮ್ಮನ್ನು ನಿಲ್ಲಿಸುತ್ತದೆ. ಇದಿಲ್ಲದೆ ಹೊರಟವರು ಸುಲಭಕ್ಕೆ ಸಿಕ್ಕ ಎರಡು ಗಂಡುಗಳಿಗೆ ಆಪರೇಷನ್ ಮಾಡಿಸಿ, ಎಲ್ಲ ಮುಗಿಯಿತೆಂದುಕೊಳ್ಳುತ್ತಾರೆ. ಗುಂಪಿನಲ್ಲಿ ಬೀಜ ಇರುವ ಗಂಡು ಒಂದೇ ಒಂದು ಉಳಿದರೂ ಎಲ್ಲ ಹೆಣ್ಣುಗಳಿಗೂ ಅದು ಸಾಕು. ಆದ್ದರಿಂದ ಹೆಣ್ಣುಗಳಿಂದ ಶುರುಮಾಡಿ. ಸಂಖ್ಯೆ ನಿಜವಾಗಿ ಇಳಿಯಬೇಕಾದರೆ ಗುಂಪಿನ ಮುಕ್ಕಾಲು ಪಾಲಿಗಿಂತ ಹೆಚ್ಚಿನವಕ್ಕೆ ಆಪರೇಷನ್ ಆಗಿರಬೇಕು. ಅರ್ಧಕ್ಕೆ ಬಿಟ್ಟರೆ ಹಣವೂ ಹೋಯಿತು, ಶ್ರಮವೂ ಹೋಯಿತು.

ಊಟಕ್ಕೆ ಒಂದೇ ಜಾಗ, ಒಂದೇ ಹೊತ್ತು. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ. ರಾತ್ರಿಯಿಡೀ ಬಿಟ್ಟ ಅನ್ನ ಹೆಗ್ಗಣಗಳನ್ನೂ ನೆರೆಯವರ ಜಗಳವನ್ನೂ ಕರೆಯುತ್ತದೆ. ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸವಾದ ಮೇಲೆ ಅದೇ ಜಾಗದಲ್ಲಿ ಬೋನು ತಂದಿಡಿ, ಬಾಗಿಲು ಬೀಳದಂತೆ ಕಟ್ಟಿ. ಕೆಲವು ದಿನ ಅದರೊಳಗೇ ಊಟ. ಹಿಡಿಯುವ ಹಿಂದಿನ ದಿನ ಊಟ ಬೇಡ, ನೀರು ಮಾತ್ರ. ಎರೆಗೆ ಬೂತಾಯಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಅದರ ವಾಸನೆ ಬೆಕ್ಕನ್ನು ಎಲ್ಲಿದ್ದರೂ ಎಳೆದು ತರುತ್ತದೆ. ಬಾಗಿಲು ಬಿದ್ದ ಕೂಡಲೇ ಬೋನಿನ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ. ಕತ್ತಲಾದರೆ ಅದರ ಒದ್ದಾಟ ನಿಲ್ಲುತ್ತದೆ. ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ, ಎಷ್ಟೇ ಪರಿಚಯದ ಬೆಕ್ಕಾದರೂ. ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅದೇ ದಿನ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆಂಬುದು ತಪ್ಪು ತಿಳಿವಳಿಕೆ.

ವೈದ್ಯರನ್ನು ಮೊದಲೇ ಕಂಡು ಮಾತಾಡಿರಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಸಂಸ್ಥೆಗಳಿವೆ, ನಿಮ್ಮ ಬಡಾವಣೆಯ ಕ್ಲಿನಿಕ್ಕುಗಳಿವೆ. ಇದು ಬೀದಿಯ ಬೆಕ್ಕು, ಹೊಲಿಗೆ ಬಿಚ್ಚಿಸಲು ಮತ್ತೆ ಸಿಗುವುದಿಲ್ಲ ಎಂದು ಹೇಳಿ. ತಾನೇ ಕರಗುವ ದಾರ ಹಾಕಿಸಿ. ರೇಬೀಸ್ ಲಸಿಕೆ ಅದೇ ಹೊತ್ತಿಗೆ ಆಗಿಬಿಡಲಿ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸಿ ಗುರುತು ಮಾಡಬೇಕು, ಸಾಮಾನ್ಯವಾಗಿ ಎಡಕಿವಿ. ಅಯ್ಯೋ ಅಂದ ಕೆಡುತ್ತದೆ ಎಂದು ಬೇಡವೆನ್ನಬೇಡಿ. ಗುರುತಿಲ್ಲದ ಹೆಣ್ಣನ್ನು ಮುಂದಿನ ವರ್ಷ ಇನ್ಯಾರೋ ಹಿಡಿದು, ಹೊಟ್ಟೆ ಮತ್ತೆ ಕೊಯ್ಯಿಸಿ, ಒಳಗೆ ಏನೂ ಇಲ್ಲವೆಂದು ಮತ್ತೆ ಹೊಲಿಸುವುದಕ್ಕಿಂತ ಆ ಚಿಕ್ಕ ಗುರುತು ಎಷ್ಟೋ ಮೇಲು.

ಆಪರೇಷನ್ ಆದ ಗಂಡನ್ನು ಒಂದು ದಿನ, ಹೆಣ್ಣನ್ನು ಕನಿಷ್ಠ ಎರಡು ದಿನ ಬೆಚ್ಚಗೆ, ಸದ್ದಿಲ್ಲದ ಕಡೆ ಇಟ್ಟುಕೊಂಡು, ತಿಂದು ಉಚ್ಚೆ ಹೊಯ್ದದ್ದು ಖಾತ್ರಿಯಾದ ಮೇಲೆ ಹಿಡಿದ ಜಾಗದಲ್ಲೇ ಬಿಡಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಚೂರು ಮಾಡಿ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಬೋನು ತೊಳೆಯಲು ಫಿನಾಯಿಲ್ ಕೂಡ ಬೇಡ. ಹಾಲು ತುಂಬಿ ಜೋತ ಮೊಲೆಯ ತಾಯಿ ಸಿಕ್ಕಿಬಿದ್ದರೆ ಗಾಬರಿಯಾಗಬೇಡಿ. ಎಲ್ಲೋ ಮರಿಗಳು ಕಾಯುತ್ತಿವೆಯೆಂದು ವೈದ್ಯರಿಗೆ ಹೇಳಿ, ಪ್ರಜ್ಞೆ ಪೂರ್ತಿ ಮರಳಿದ ಕೂಡಲೇ ಬಿಟ್ಟುಬಿಡಿ. ಆಪರೇಷನ್ನಿನಿಂದ ಹಾಲು ಬತ್ತುವುದಿಲ್ಲ. ಆಪರೇಷನ್ ಆದ ಗಂಡಿಗೆ ಇನ್ನೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ, ಅದೂ ನೆನಪಿರಲಿ. ಆಮೇಲೆ ರಾತ್ರಿಯ ಕಿರುಚಾಟ, ಗೋಡೆಗೆ ಸಿಂಪಡಿಸುವ ಆ ಕಟುವಾಸನೆ, ಕಾದಾಟ ಎಲ್ಲ ಇಳಿಯುತ್ತವೆ. ನಿಮ್ಮನ್ನು ದೂರುವ ಮೂರನೇ ಮಹಡಿಯವರ ಬಾಯಿ ತಣ್ಣಗಾಗುವುದು ಆಗಲೇ. ಅಲ್ಲಿಯವರೆಗೆ ಅವರೊಂದಿಗೆ ವಾದಕ್ಕಿಳಿಯಬೇಡಿ. ಬೆಕ್ಕು ಪರಚುವ ಅವರ ಸ್ಕೂಟರಿನ ಸೀಟಿಗೆ ಒಂದು ಕವರ್ ಕೊಡಿಸಿ.

ಇದು ಕೈಗೂಡುವ ಕೆಲಸವೇ ಎಂಬ ಅನುಮಾನ ನಿಮಗಿದ್ದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಬರಿಪೋರ್ಟ್ ಎಂಬ ಬಂದರು ಪಟ್ಟಣವನ್ನು ನೋಡಿ. 1992ರಲ್ಲಿ ಅಲ್ಲಿನ ನದಿದಂಡೆಯಲ್ಲಿ ಸುಮಾರು 300 ಬೆಕ್ಕುಗಳಿದ್ದವು. ಊರವರು ಸಂಘ ಕಟ್ಟಿ ಹಿಡಿದರು, ಆಪರೇಷನ್ ಮಾಡಿಸಿದರು, ಮನುಷ್ಯರಿಗೆ ಒಗ್ಗಿದವಕ್ಕೆ ಮನೆ ಹುಡುಕಿದರು, ಉಳಿದವಕ್ಕೆ ಅನ್ನ ಹಾಕುತ್ತಾ ಹೋದರು. ಕೊನೆಯ ಬೆಕ್ಕು 2009ರಲ್ಲಿ ವಯಸ್ಸಾಗಿ ತೀರಿಕೊಂಡಿತು. ಹದಿನೇಳು ವರ್ಷ ಹಿಡಿಯಿತು. ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಆವರಣದಲ್ಲೂ ಹೀಗೇ: ಹನ್ನೊಂದು ವರ್ಷಗಳಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕ 155 ಬೆಕ್ಕುಗಳಲ್ಲಿ ನೂರಕ್ಕೆ 47ರಷ್ಟು ದತ್ತು ಹೋದವು, 1996ರಲ್ಲಿ 68 ಇದ್ದ ಸಂಖ್ಯೆ 2002ಕ್ಕೆ 23ಕ್ಕೆ ಇಳಿಯಿತು. ಆಪರೇಷನ್ ಮಾತ್ರದಿಂದ ಸಂಖ್ಯೆ ಬೇಗ ಇಳಿಯುವುದಿಲ್ಲ. ದತ್ತು ಜೊತೆಗೂಡಿದಾಗಲೇ ಇಳಿಯುತ್ತದೆ.

ದತ್ತಿನ ವಿಷಯದಲ್ಲಿ ನಿಮ್ಮ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಹಾಕುತ್ತೇನೆ. ಎಲ್ಲ ಬೆಕ್ಕಿಗೂ ಮನೆ ಬೇಕಿಲ್ಲ. ಹುಟ್ಟಿ ಎರಡನೆಯ ವಾರದಿಂದ ಏಳನೆಯ ವಾರದೊಳಗೆ ಮನುಷ್ಯರ ಕೈ ಸೋಕಿದ ಮರಿ ಮನುಷ್ಯರನ್ನು ತನ್ನವರೆಂದು ಒಪ್ಪುತ್ತದೆ. ಆ ಹೊತ್ತು ಮೀರಿದ ಮೇಲೆ ಪಳಗಿಸುವುದು ಕಷ್ಟ. ಮನುಷ್ಯರ ಸ್ಪರ್ಶವೇ ಇಲ್ಲದೆ ಬೆಳೆದ ದೊಡ್ಡ ಬೆಕ್ಕನ್ನು ಫ್ಲ್ಯಾಟಿನೊಳಗೆ ಕೂಡಿಹಾಕಿದರೆ ಅದು ಮಂಚದಡಿಯಲ್ಲಿ ಹೆದರಿಕೊಂಡೇ ಬದುಕು ಸವೆಸುತ್ತದೆ. ಅದರ ಪಾಲಿಗೆ ಆ ಜನರೇಟರ್ ಮೂಲೆಯೇ ಮನೆ. ಯಾರೋ ಸಾಕಿ ಬಿಟ್ಟುಹೋದ ಬೆಕ್ಕು ಹಾಗಲ್ಲ. ಬಾಲ ನಿಮಿರಿಸಿ ಕಾಲಿಗೆ ಮೈ ಉಜ್ಜುತ್ತದೆ, ಬಾಗಿಲಲ್ಲಿ ನಿಂತು ಕೂಗುತ್ತದೆ. ಮೊದಲು ಮನೆ ಹುಡುಕಬೇಕಾದ್ದು ಅದಕ್ಕೆ, ಮುದ್ದು ಮರಿಗಳಿಗಿಂತಲೂ ಮೊದಲು.

ಮರಿ ಕಂಡ ತಕ್ಷಣ ಎತ್ತಿಕೊಂಡು ಬರುವ ಚಾಳಿ ಬಿಡಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದು ನೋಡಿ ಕಲಿತ ಮಾತು. ತಾಯಿ ಒಂದೊಂದಾಗಿ ಕಚ್ಚಿಕೊಂಡು ಜಾಗ ಬದಲಿಸುವಾಗ ನಡುವೆ ಒಂದು ಮರಿ ಒಂಟಿಯಾಗಿ ಕಾಣುತ್ತದೆ. ದೂರ ನಿಂತು ಕೆಲವು ಗಂಟೆ ಕಾಯಿರಿ. ತಾಯಿ ಬರಲೇ ಇಲ್ಲ, ಮರಿ ತಣ್ಣಗಾಗುತ್ತಿದೆ ಎಂದರೆ ಮಾತ್ರ ಎತ್ತಿ. ಆಗಲೂ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಹಸುವಿನ ಹಾಲಲ್ಲ, ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮರಿಗಳ ಹಾಲಿನ ಪುಡಿ. ಬೋರಲು ಮಲಗಿಸಿ ಕುಡಿಸಬೇಕು, ಅಂಗಾತ ಮಲಗಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿ ಇದ್ದರೆ ಎಂಟು ವಾರ ಅವಳ ಹತ್ತಿರವೇ ಇರಲಿ. ನೀವು ದಿನವೂ ಹೋಗಿ ಕೈಗೆತ್ತಿಕೊಂಡು ಮಾತಾಡಿಸಿ. ಮಂಡ್ಯದ ಕಡೆ ಕಬ್ಬು ಕಡಿಯುವಾಗ ಸಿಕ್ಕಿತೆಂದು ಊರಿನಿಂದ ಯಾರಾದರೂ ಮರಿ ತಂದರೆ ಸರಿಯಾಗಿ ನೋಡಿ. ಅದು ಕಾಡುಬೆಕ್ಕಿನ ಮರಿಯಾಗಿರಬಹುದು. 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿ ಅದು, ಸಾಕುವಂತಿಲ್ಲ. ಸಿಕ್ಕ ಗದ್ದೆಯಲ್ಲೇ ಬಿಟ್ಟರೆ ತಾಯಿ ರಾತ್ರಿ ಬಂದು ಒಯ್ಯುವ ಸಾಧ್ಯತೆ ಹೆಚ್ಚು. ಅರಣ್ಯ ಇಲಾಖೆಗೆ ತಿಳಿಸಿ.

ಮರಿ ಕೇಳಿ ಬಂದವರ ಮನೆಗೆ ಒಮ್ಮೆ ಹೋಗಿ ಬನ್ನಿ. ಬಾಲ್ಕನಿಗೆ ಬಲೆ ಕಟ್ಟಿದ್ದಾರೆಯೇ? ಮಾಲೀಕರ ಒಪ್ಪಿಗೆ ಇದೆಯೇ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಮಗುವಿನ ಹುಟ್ಟುಹಬ್ಬಕ್ಕೆ ಉಡುಗೊರೆ ಎಂದರೆ ಕೊಡಬೇಡಿ. ಮರಿ ಒಂದು ಕಿಲೋ ತೂಗಿದ ಮೇಲೆ ಆಪರೇಷನ್ ಮಾಡುವ ವೈದ್ಯರಿದ್ದಾರೆ; ಸಾಧ್ಯವಾದರೆ ಮಾಡಿಸಿಯೇ ಕೊಡಿ. ಆಮೇಲೆ ಮಾಡಿಸುತ್ತೇವೆಂಬ ಮಾತನ್ನು ಎಷ್ಟೋ ಒಳ್ಳೆಯ ಜನ ಮರೆಯುತ್ತಾರೆ. ಕಪ್ಪು ಬೆಕ್ಕು ಅಪಶಕುನವೆಂದು ಮೂಗು ಮುರಿಯುವವರ ಕೈಗೆ ಯಾವ ಬಣ್ಣದ್ದನ್ನೂ ಕೊಡಬೇಡಿ.

ಸೊಸೆ ಬಸುರಿ, ಬೆಕ್ಕನ್ನು ವಾಪಸ್ ತೆಗೆದುಕೊಳ್ಳಿ ಎಂದು ಒಂದು ದಿನ ಫೋನು ಬಂದೇ ಬರುತ್ತದೆ. ಆ ಭಯ ಪೂರ್ತಿ ಸುಳ್ಳಲ್ಲ, ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇದೆ. ಆದರೆ ಬೆಕ್ಕಿನ ಕಕ್ಕಸಿನಲ್ಲಿ ಬಂದ ಅದರ ಮೊಟ್ಟೆ ಸೋಂಕು ತಗುಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಟ್ರೇ ಚೊಕ್ಕ ಮಾಡಿದರೆ, ಆ ಕೆಲಸವನ್ನು ಗಂಡನೋ ಅತ್ತೆಯೋ ಮಾಡಿದರೆ, ಬೆಕ್ಕಿಗೆ ಹಸಿಮಾಂಸ ಕೊಡದಿದ್ದರೆ ಅಪಾಯ ತೀರ ಕಡಿಮೆ. ಬೇಯದ ಮಾಂಸದಿಂದಲೂ ತೊಳೆಯದ ಸೊಪ್ಪಿನಿಂದಲೂ ಅದು ಬರಬಲ್ಲದು. ಅವರ ಹೆರಿಗೆ ಡಾಕ್ಟರರ ಹತ್ತಿರವೇ ಕೇಳಿಸಿ. ಬೆಕ್ಕು ಆ ಮನೆಯಲ್ಲೇ ಉಳಿಯುವ ದಾರಿ ಹೆಚ್ಚಿನ ಸಲ ಸಿಗುತ್ತದೆ.

ಹಕ್ಕಿಗಳ ಪರವಾಗಿಯೂ ಒಂದು ಮಾತು. ಕೆರೆಯ ಏರಿಯ ಮೇಲೆ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿರುವ ಕಡೆ, ಅರಣ್ಯದ ಅಂಚಿನಲ್ಲಿ ಅನ್ನದ ತಟ್ಟೆ ಇಡಬೇಡಿ. ಬೆಕ್ಕಿನ ಪ್ರೀತಿ ಇನ್ನೊಂದು ಜೀವದ ಗೂಡು ಖಾಲಿ ಮಾಡಬಾರದು.

ನೀವು ಬಾಡಿಗೆ ಮನೆಯ ಮಕ್ಕಳು. ಕೆಲಸ ಬದಲಾಗುತ್ತದೆ, ಮದುವೆಯಾಗುತ್ತದೆ, ಪುಣೆಗೋ ಬರ್ಲಿನ್ನಿಗೋ ಹೊರಡುತ್ತೀರಿ. ಬೆಕ್ಕುಗಳು ಇಲ್ಲೇ ಇರುತ್ತವೆ. ಹೊರಡುವುದು ಗೊತ್ತಾದ ಕೂಡಲೇ ಬದಲಿಗೆ ಒಬ್ಬರನ್ನು ಹುಡುಕಿ, ಕೊನೆಯ ಎರಡು ವಾರ ಅವರೊಂದಿಗೆ ಸೇರಿ ಊಟ ಇಡಿ, ಬೆಕ್ಕುಗಳಿಗೆ ಅವರ ದನಿ, ಹೆಜ್ಜೆ ಪರಿಚಯವಾಗಲಿ. ಕಿವಿ ಗುರುತು ಯಾವುದಕ್ಕಿದೆ, ಯಾವುದಕ್ಕಿಲ್ಲ ಎಂದು ಬರೆದ ಆ ನೋಟ್‌ಬುಕ್ಕನ್ನೂ ಬೋನನ್ನೂ ಅವರ ಕೈಗೆ ಕೊಡಿ. ಯಾರೂ ಸಿಗದಿದ್ದರೆ ನನ್ನ ಮನೆಯ ಬೆಲ್ ಒತ್ತಿ. ನಾನು ಇರುವಷ್ಟು ದಿನ ಸಂಜೆಯ ತಟ್ಟೆ ನೋಡಿಕೊಳ್ಳುತ್ತೇನೆ. ಬೋನು ಎತ್ತಲು ಮಾತ್ರ ನನಗೊಬ್ಬ ಹುಡುಗ ಬೇಕು.